ಫೋನಿನ ಒಂಬತ್ತು ಗುಂಡಿಗಳಲ್ಲಿ ಚೀನೀ ಅಕ್ಷರ ಬರೆಯುವುದು: ಸಮಗ್ರ ಮಾರ್ಗದರ್ಶಿ

ಶೆನ್‌ಜೆನ್‌ನ ಕಾರ್ಖಾನೆಗೆ ಕೆಲಸದ ಮೇಲೆ ಹೋಗುವ ಎಂಜಿನಿಯರು, ಯೀವು ಮಾರುಕಟ್ಟೆಯಿಂದ ಸಾಮಾನು ತರಿಸುವ ವ್ಯಾಪಾರಿ, ಅಲ್ಲಿನ ಕಾಲೇಜಿನಲ್ಲಿ ವೈದ್ಯಕೀಯ ಓದುವ ವಿದ್ಯಾರ್ಥಿ ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ಕೀಬೋರ್ಡ್ ಹಾಕಿಕೊಳ್ಳುತ್ತಾರೆ, ಗುಂಡಿ ಒತ್ತುತ್ತಾರೆ, ಬೇಕಾದ ಅಕ್ಷರ ಬರುವುದಿಲ್ಲ. ಕೀಬೋರ್ಡೇ ಸರಿಯಿಲ್ಲವೆಂದು ಬೇರೊಂದು ಹಾಕಿಕೊಳ್ಳುತ್ತಾರೆ, ಅಲ್ಲೂ ಅದೇ ಹಾಡು. ತೊಡಕು ಇರುವುದು ಗುಂಡಿಯಲ್ಲಲ್ಲ, ಗುಂಡಿ ಮುಟ್ಟುವ ಮುಂಚೆ ತಲೆಯಲ್ಲಿರುವ ಕಾಗುಣಿತದಲ್ಲಿ. ಹಾಗಾಗಿ ಮೂರನೇ ಹಂತವನ್ನು ಹಾರಿಸಿ ಮುಂದಕ್ಕೆ ಓಡಬೇಡಿ.

ಇಲ್ಲಿ ಹೇಳಿರುವುದು ಚೀನಾದ ಮ್ಯಾಂಡರಿನ್ ಭಾಷೆಗೆ, ಅಲ್ಲಿ ಬಳಕೆಯಲ್ಲಿರುವ ಸರಳ ಲಿಪಿಗೆ. ಎರಡು ವಿಧಾನ ಸಾಕು. ಉಚ್ಚಾರ ಗೊತ್ತಿದ್ದರೆ ಪಿನ್‌ಯಿನ್, ಅಂದರೆ ಚೀನೀ ಉಚ್ಚಾರವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಅಧಿಕೃತ ಪದ್ಧತಿ. ಉಚ್ಚಾರ ಗೊತ್ತಿಲ್ಲದೆ ಅಕ್ಷರದ ರೂಪ ಮಾತ್ರ ಕಣ್ಣೆದುರಿಗಿದ್ದರೆ ಗೀಟು ವಿಧಾನ, ಅಂದರೆ ಅಕ್ಷರದಲ್ಲಿರುವ ಗೀಟುಗಳನ್ನು ಬರೆಯುವ ಕ್ರಮದಲ್ಲಿ ಒಂದೊಂದಾಗಿ ಒತ್ತುವುದು.

ಹಂತ 1: ನಿಮ್ಮ ಫೋನು ಒಪ್ಪುತ್ತದೆಯೇ ನೋಡಿ

ಗುಂಡಿ ಫೋನಾದರೆ ಮೊದಲು ಸಂದೇಶ ಬರೆಯುವ ಪರದೆ ತೆರೆದು, ಆಯ್ಕೆಗಳಲ್ಲಿ ಬರವಣಿಗೆಯ ಭಾಷೆ ಎಂಬುದನ್ನು ಹುಡುಕಿ. ಪಟ್ಟಿಯಲ್ಲಿ ಚೈನೀಸ್ ಇದ್ದರೆ ಸರಿ. ಇಲ್ಲದಿದ್ದರೆ ಅಲ್ಲಿಗೇ ಬಿಡಿ. ಗುಂಡಿ ಫೋನುಗಳಿಗೆ ಮಾರಾಟವಾಗುವ ದೇಶಕ್ಕೆ ತಕ್ಕಂತೆ ಭಾಷೆಗಳನ್ನು ತುಂಬಿರುತ್ತಾರೆ, ಆಮೇಲೆ ಸೇರಿಸಿಕೊಳ್ಳುವುದು ಸಾಮಾನ್ಯವಾಗಿ ಆಗದ ಮಾತು. ಇನ್ನೊಂದು ಪರೀಕ್ಷೆ: ಯಾರಿಂದಲಾದರೂ ಆ ಫೋನಿಗೆ ಒಂದು ಚೀನೀ ಎಸ್ಸೆಮ್ಮೆಸ್ ಕಳಿಸಿಕೊಳ್ಳಿ. ಅಕ್ಷರಗಳ ಬದಲು ಖಾಲಿ ಚೌಕಗಳು ಕಂಡರೆ ಫೋನಿನಲ್ಲಿ ಆ ಲಿಪಿಯ ಫಾಂಟೇ ಇಲ್ಲ.

ಸ್ಮಾರ್ಟ್‌ಫೋನಿನಲ್ಲಿ ಈ ತಲೆನೋವಿಲ್ಲ. ಐಫೋನಿನಲ್ಲಿ ಸೆಟ್ಟಿಂಗ್ಸ್, ಜನರಲ್, ಕೀಬೋರ್ಡ್ ಎಂದು ಹೋಗಿ ಹೊಸ ಕೀಬೋರ್ಡ್ ಸೇರಿಸುವಲ್ಲಿ ಸರಳ ಚೈನೀಸ್ ಆರಿಸಿ. ಅದರ ಕೆಳಗೆ ಪಿನ್‌ಯಿನ್ ಹತ್ತು ಗುಂಡಿ, ಗೀಟು, ಕೈಬರಹ ಎಲ್ಲ ಬೇರೆಬೇರೆಯಾಗಿ ಕಾಣುತ್ತವೆ. ಆಂಡ್ರಾಯ್ಡ್‌ನ ಜಿಬೋರ್ಡ್‌ನಲ್ಲಿ ಭಾಷೆಗಳಿಗೆ ಹೋಗಿ ಚೈನೀಸ್ ಸೇರಿಸುವಾಗ ಹನ್ನೆರಡು ಗುಂಡಿಗಳ ವಿನ್ಯಾಸವನ್ನು ಟಿಕ್ ಮಾಡಿ. ಹತ್ತು, ಹನ್ನೆರಡು ಎಂದು ಹೆಸರು ಬೇರೆಯಾದರೂ ಅಕ್ಷರಗಳಿರುವುದು 2ರಿಂದ 9ರವರೆಗಿನ ಎಂಟು ಗುಂಡಿಗಳ ಮೇಲೆ ಮಾತ್ರ. ಚೀನಾದಲ್ಲಿ ಎಲ್ಲರೂ ಇದನ್ನು ಒಂಬತ್ತು ಗುಂಡಿ ಎಂದೇ ಕರೆಯುತ್ತಾರೆ. ಒಂದೇ ಹೆಬ್ಬೆರಳಿನಲ್ಲಿ ಬರೆಯಲು ಇದಕ್ಕಿಂತ ಅನುಕೂಲದ್ದು ಬೇರೆ ಇಲ್ಲ.

ಇಲ್ಲಿ ಆಗುವ ತಪ್ಪು ಒಂದೇ. ಗಡಿಬಿಡಿಯಲ್ಲಿ ಸಾಂಪ್ರದಾಯಿಕ ಲಿಪಿಯನ್ನು ಆರಿಸಿಬಿಡುವುದು. ಅದು ತೈವಾನ್, ಹಾಂಗ್‌ಕಾಂಗ್‌ಗಳದ್ದು. ಮೂಡುವ ಅಕ್ಷರಗಳು ನಿಮ್ಮ ಕೈಲಿರುವ ಚೀಟಿಗಿಂತ ತೀರಾ ಒತ್ತೊತ್ತಾಗಿ, ಗೀಟುಗಳಿಂದ ತುಂಬಿ ಕಂಡರೆ ಹಿಂದಕ್ಕೆ ಹೋಗಿ ಸರಿಪಡಿಸಿ.

ಹಂತ 2: ಜೊತೆಗೆ ಬೇಕಾದ ಎರಡು ಸಾಮಾನು

ಒಂದು, ನಿಘಂಟು. ಪ್ಲೆಕೊ ಎಂಬ ಆ್ಯಪ್ ಸಾಕು, ಉಚಿತ ಆವೃತ್ತಿಯೇ ಧಾರಾಳವಾಯಿತು. ಯಾರೋ ಕಳಿಸಿದ ಚೀನೀ ಸಂದೇಶವನ್ನು ಕಾಪಿ ಮಾಡಿ ಅದರಲ್ಲಿ ತೆರೆದರೆ ಪ್ರತಿ ಪದದ ಪಿನ್‌ಯಿನ್, ಅರ್ಥ ಎರಡೂ ಸಿಗುತ್ತವೆ.

ಎರಡು, ಒಂದು ಚೀಟಿ. ನಿಮ್ಮ ಕೆಲಸಕ್ಕೆ ದಿನವೂ ಬೇಕಾಗುವ ಪದಗಳನ್ನು ಮಾತ್ರ ಬರೆದಿಟ್ಟುಕೊಳ್ಳಿ: ಕನ್ನಡದ ಅರ್ಥ, ಪಿನ್‌ಯಿನ್, ಪಕ್ಕದಲ್ಲಿ ಗುಂಡಿಯ ಅಂಕಿಗಳು. ಪದ ನೆನಪಿರುತ್ತದೆ, ಕಾಗುಣಿತ ಕೈಕೊಡುತ್ತದೆ. ಆದ್ದರಿಂದ ಪಿನ್‌ಯಿನ್ ಕಲಮನ್ನು ನಿಘಂಟು ನೋಡಿಯೇ ತುಂಬಿ, ಕಿವಿಗೆ ಕೇಳಿದ್ದನ್ನು ನಂಬಿ ಬರೆಯಬೇಡಿ. ಯಾಕೆಂಬುದು ಮುಂದಿನ ಹಂತದಲ್ಲಿ.

ಹಂತ 3: ಕಾಗುಣಿತ ಸರಿಮಾಡಿಕೊಳ್ಳಿ

ಪಿನ್‌ಯಿನ್‌ನಲ್ಲಿರುವುದು ಇಂಗ್ಲಿಷ್ ಅಕ್ಷರಗಳೇ ಆದರೂ ಉಚ್ಚಾರ ಇಂಗ್ಲಿಷಿನದ್ದಲ್ಲ. ನಾವು ಕೇಳಿದ್ದನ್ನು ಮೊದಲು ಮನಸ್ಸಿನಲ್ಲೇ ಕನ್ನಡಕ್ಕಿಳಿಸಿ, ಅಲ್ಲಿಂದ ಇಂಗ್ಲಿಷಿಗೆ ದಾಟಿಸಿ ಗುಂಡಿ ಒತ್ತುತ್ತೇವೆ. ಎರಡು ಕಡೆ ಜಾರಲು ಅವಕಾಶ.

ಮೊದಲನೆಯದು ಅಲ್ಪಪ್ರಾಣ, ಮಹಾಪ್ರಾಣದ ಲೆಕ್ಕ. ಪಿನ್‌ಯಿನ್‌ನ ಬಿ ನಮ್ಮ ಬಕಾರವಲ್ಲ, ಉಸಿರು ಬಿಡದೆ ಹೇಳುವ ಪಕಾರ. ಪಿ ಅಂದರೆ ಉಸಿರು ಬಿಟ್ಟು ಹೇಳುವ ಪಕಾರ, ಮೇಷ್ಟ್ರು ತಿದ್ದಿ ತಿದ್ದಿ ಹೇಳಿಸುತ್ತಿದ್ದ ‘ಫಲ’ದ ಫಕಾರ. ಡಿ ಮತ್ತು ಟಿ, ಜಿ ಮತ್ತು ಕೆ ಕೂಡ ಇದೇ ಜೋಡಿಗಳು. ತಕಾರ, ಕಕಾರ ಕೇಳಿದರೆ ಒತ್ತಬೇಕಾದ್ದು ಡಿ, ಜಿ. ಥಕಾರ, ಖಕಾರ ಕೇಳಿದರೆ ಟಿ, ಕೆ. ಬೀಜಿಂಗ್‌ನವರು ತಮ್ಮ ಊರಿನ ಹೆಸರು ಹೇಳುವಾಗ ನಮ್ಮ ಕಿವಿಗೆ ‘ಪೇಯ್‌ಚಿಂಗ್’ ಎಂದೇ ಬೀಳುತ್ತದೆ. ಅದನ್ನು ನಂಬಿ ಪಿ ಇರುವ 7ನ್ನು ಒತ್ತಿದರೆ ಕೆಟ್ಟಿತು. ಸರಿಯಾದ ಅಂಕಿಗಳು 2345464.  ನಮಗೆ ಪ್ರಾಣದ ಭೇದ ವರ್ಣಮಾಲೆಯಲ್ಲೇ ಇರುವುದರಿಂದ ಈ ವ್ಯತ್ಯಾಸ ಬೇಗ ಹಿಡಿತಕ್ಕೆ ಸಿಗುತ್ತದೆ, ಹಿಡಿದುಕೊಂಡರೆ.

ಎರಡನೆಯದು ಚಕಾರ, ಶಕಾರಗಳ ಗೋಜಲು. ಪಿನ್‌ಯಿನ್‌ನಲ್ಲಿ ಜೆ, ಕ್ಯೂ, ಎಕ್ಸ್ ಒಂದು ಗುಂಪು. ಜಡ್-ಎಚ್, ಸಿ-ಎಚ್, ಎಸ್-ಎಚ್ ಇನ್ನೊಂದು ಗುಂಪು. ಎರಡೂ ನಮಗೆ ‘ಚ, ಛ, ಶ’ ಎಂದೇ ಕೇಳುತ್ತವೆ. ಗುರುತಿಸುವ ಉಪಾಯವಿದೆ. ವ್ಯಂಜನದ ಹಿಂದೆಯೇ ಇಕಾರ, ಅಥವಾ ತುಟಿ ಮುಂದೂಡಿ ಹೇಳುವ ಇಕಾರದಂಥ ಸ್ವರ, ಸ್ಪಷ್ಟವಾಗಿ ಕೇಳಿದರೆ ಅದು ಜೆ, ಕ್ಯೂ, ಎಕ್ಸ್ ಗುಂಪು. ‘ಶೀ’ ಎಂದು ಚೆನ್ನಾಗಿ ಕೇಳಿತೇ, ಎಕ್ಸ್-ಐ ಬರೆಯಿರಿ, 94. ನಾಲಗೆ ಹಿಂದಕ್ಕೆ ಮಡಚಿ ‘ಷ್ರ್’ ಎಂಬಂತೆ ಸ್ವರವೇ ಇಲ್ಲದೆ ಗುಂಯ್‌ಗುಟ್ಟಿತೇ, ಎಸ್-ಎಚ್-ಐ ಬರೆಯಿರಿ, 744. ನಮ್ಮ ಶಕಾರ, ಷಕಾರಗಳನ್ನು ಒತ್ತಿ ಉಚ್ಚರಿಸಿದರೆ ಇರುವ ಅಂತರವೇ ಇದು.

ಜಡ್ ಮತ್ತು ಸಿ ಒಂಟಿಯಾಗಿ ಬಂದರೆ ‘ತ್ಸ’ ಎಂಬ ಧ್ವನಿ, ಮೊದಲನೆಯದು ಅಲ್ಪಪ್ರಾಣ, ಎರಡನೆಯದು ಮಹಾಪ್ರಾಣ. ಸಿ ಎಂದರೆ ಕಕಾರ ಎಂದುಕೊಂಡವರು ಯಾವ ಪದವನ್ನೂ ಮುಟ್ಟುವುದಿಲ್ಲ.

ಇನ್ನು ಸ್ವರಗಳು. ಕೇಳುವುದೇ ಒಂದು, ಬರೆಯುವುದೇ ಒಂದು ಎನ್ನುವಂಥ ಐದು ಜಾಗಗಳಿವೆ. ‘ಚಿಯೆನ್’ ಎಂದು ಕೇಳುವ ಹಣ ಎಂಬ ಪದದ ಕೊನೆ ಐ-ಎ-ಎನ್, ನಡುವೆ ಇ ಅಕ್ಷರ ಬರುವುದಿಲ್ಲ. ‘ಜುಂಗ್’ ಎಂದು ಕೇಳಿದರೂ ಕೊನೆ ಓ-ಎನ್-ಜಿ. ‘ತ್ವೇ’ ಎಂದು ಕೇಳುವ, ಸರಿ ಎಂಬರ್ಥದ ಪದ ಡಿ-ಯು-ಐ, ಅಂದರೆ 384. ‘ಲಿಯೋ’ ಎಂದು ಕೇಳುವ ಆರು ಎಂಬ ಸಂಖ್ಯೆ ಎಲ್-ಐ-ಯು. ಐದನೆಯದು ತುಟಿ ಮುಂದೂಡುವ ಆ ಸ್ವರ. ಮುದ್ರಿತ ಪಿನ್‌ಯಿನ್‌ನಲ್ಲಿ ಯು ಮೇಲೆ ಎರಡು ಚುಕ್ಕೆ ಇರುತ್ತದೆ. ಕೀಬೋರ್ಡಿನಲ್ಲಿ ಅದಕ್ಕೆ ವಿ ಅಕ್ಷರ. ಒಂಬತ್ತು ಗುಂಡಿಯಲ್ಲಿ ಯು, ವಿ ಎರಡೂ 8ರಲ್ಲೇ ಇರುವುದರಿಂದ ಒತ್ತುವುದು ಹೇಗೂ ಒಂದೇ, ಆಮೇಲೆ ಆರಿಸಿಕೊಳ್ಳುವಾಗ ಕಣ್ಣಿಟ್ಟರಾಯಿತು.

ಕೊನೆಯದಾಗಿ ಎನ್ ಮತ್ತು ಎನ್-ಜಿ. ನಾವು ಎರಡಕ್ಕೂ ಸೊನ್ನೆ ಹಾಕಿ ಬರೆದುಬಿಡುವ ಅಭ್ಯಾಸದವರು. ಇಲ್ಲಿ ಎನ್-ಜಿ ಎಂದರೆ ಕೊನೆಗೆ ಇನ್ನೊಂದು 4 ಒತ್ತಬೇಕು. ಅದೊಂದು ಗುಂಡಿ ಬಿಟ್ಟರೆ ಬೇರೆಯದೇ ಪದ ಬರುತ್ತದೆ.

ಸೆಟ್ಟಿಂಗ್ಸ್‌ನಲ್ಲಿ ‘ಅಸ್ಪಷ್ಟ ಪಿನ್‌ಯಿನ್’ ಎಂಬ ಆಯ್ಕೆ ಇರುತ್ತದೆ. ಅದನ್ನು ಹಾಕಿಕೊಂಡರೆ ಎಲ್ಲ ತಪ್ಪೂ ಮಾಫಿ ಎಂದು ಹಲವರು ನಂಬಿದ್ದಾರೆ. ಅದು ದಕ್ಷಿಣ ಚೀನಾದವರ ನಾಲಗೆಗೆಂದು ಮಾಡಿದ ಸೌಲಭ್ಯ. ಜಡ್-ಎಚ್ ಬದಲು ಜಡ್, ಎಸ್-ಎಚ್ ಬದಲು ಎಸ್, ಎನ್-ಜಿ ಬದಲು ಎನ್ ಬರೆದರೆ ಒಪ್ಪಿಕೊಳ್ಳುತ್ತದೆ. ನಮ್ಮ ತಪ್ಪುಗಳು ಬೇರೆ ಜಾತಿಯವು. ಎಕ್ಸ್ ಬದಲು ಎಸ್-ಎಚ್, ಜೆ ಬದಲು ಜಡ್-ಎಚ್, ಬಿ ಬದಲು ಪಿ ಒತ್ತಿದರೆ ಅದು ಕೈಹಿಡಿಯುವುದಿಲ್ಲ. ಕೊನೆಯ ಎನ್-ಜಿ ಮರೆಯುವವರು ಬೇಕಾದರೆ ಅದೊಂದನ್ನು ಮಾತ್ರ ಹಾಕಿಕೊಳ್ಳಿ.

ಹಂತ 4: ಪ್ರತಿ ಅಕ್ಷರಕ್ಕೆ ಒಂದೇ ಸಲ ಒತ್ತಿ

2ರಲ್ಲಿ ಎ-ಬಿ-ಸಿ, 3ರಲ್ಲಿ ಡಿ-ಇ-ಎಫ್, 4ರಲ್ಲಿ ಜಿ-ಎಚ್-ಐ, 5ರಲ್ಲಿ ಜೆ-ಕೆ-ಎಲ್, 6ರಲ್ಲಿ ಎಂ-ಎನ್-ಓ, 7ರಲ್ಲಿ ಪಿ-ಕ್ಯೂ-ಆರ್-ಎಸ್, 8ರಲ್ಲಿ ಟಿ-ಯು-ವಿ, 9ರಲ್ಲಿ ಡಬ್ಲ್ಯೂ-ಎಕ್ಸ್-ವೈ-ಜಡ್.

ಹಳೇ ಫೋನಿನಲ್ಲಿ ಎನ್ ಬೇಕೆಂದರೆ 6ನ್ನು ಎರಡು ಸಲ, ಓ ಬೇಕೆಂದರೆ ಮೂರು ಸಲ ಒತ್ತುತ್ತಿದ್ದೆವಲ್ಲ, ಆ ಅಭ್ಯಾಸವನ್ನು ಇಲ್ಲಿ ಬಿಡಬೇಕು. ಪದೇಪದೇ ಕಾಣುವ ತಪ್ಪು ಇದು. ಗುಂಡಿಯಲ್ಲಿ ಅಕ್ಷರ ಎಷ್ಟನೆಯದಾದರೂ ಸರಿ, ಒಂದೇ ಒತ್ತು. ಯಾವ ಅಕ್ಷರ ಎಂಬುದನ್ನು ಫೋನೇ ಊಹಿಸುತ್ತದೆ.

‘ನೀ ಹಾವ್’ ಎಂಬ ನಮಸ್ಕಾರದಿಂದ ಶುರುಮಾಡಿ. ಎನ್-ಐ-ಎಚ್-ಎ-ಓ, ಅಂದರೆ 64426. ಪರದೆ ನೋಡುತ್ತ ನಿಧಾನವಾಗಿ ಒತ್ತಿ. 6, 4 ಒತ್ತಿದಾಗ ಎನ್-ಐ ಜೊತೆಗೆ ಎಂ-ಐ ಕೂಡ ಕಾಣಿಸಿಕೊಳ್ಳುತ್ತದೆ, ಎರಡಕ್ಕೂ ಗುಂಡಿ ಅವೇ ತಾನೇ. ಉಳಿದ ಮೂರು ಒತ್ತುತ್ತಿದ್ದಂತೆ ಮೇಲಿನ ಪಟ್ಟಿಯ ಮೊದಲ ಜಾಗದಲ್ಲಿ ಎರಡು ಅಕ್ಷರಗಳ ನಮಸ್ಕಾರ ಒಟ್ಟಿಗೆ ಬಂದು ಕೂರುತ್ತದೆ. ಅದನ್ನು ಮುಟ್ಟಿ. ಗುಂಡಿ ಫೋನಾದರೆ ಬಾಣದ ಗುಂಡಿಯಿಂದ ಅದರ ಮೇಲೆ ಹೋಗಿ ನಡುಗುಂಡಿ ಒತ್ತಿ.

ಒತ್ತಿದ ಪದದ ಕೆಳಗೆ ಗೆರೆ ಇನ್ನೂ ಕಾಣುತ್ತಿದ್ದರೆ ಅಕ್ಷರ ಪಕ್ಕಾ ಆಗಿಲ್ಲ. ಆ ಸ್ಥಿತಿಯಲ್ಲಿ ಸಂದೇಶ ಕಳಿಸಿದರೆ ಆಚೆಯವರಿಗೆ ಬರೀ ಇಂಗ್ಲಿಷ್ ಅಕ್ಷರಗಳ ಸಾಲು ಹೋಗಬಹುದು. ಸ್ವರಭಾರವನ್ನು, ಅಂದರೆ ಪಿನ್‌ಯಿನ್ ಮೇಲೆ ಬರುವ ಏರಿಳಿತದ ಗುರುತುಗಳನ್ನು ಎಲ್ಲೂ ಒತ್ತಬೇಕಾಗಿಲ್ಲ, ಒತ್ತಲು ಗುಂಡಿಯೂ ಇಲ್ಲ.

ಹಂತ 5: ಅಕ್ಷರ ಆರಿಸುವ ಮೊದಲು ಪಿನ್‌ಯಿನ್ ಆರಿಸಿ

ಕೀಬೋರ್ಡಿನ ಎಡಗಡೆ ಒಂದು ಚಿಕ್ಕ ಸಾಲು ಇರುತ್ತದೆ, ಹೊಸಬರು ಅದನ್ನು ನೋಡುವುದೇ ಇಲ್ಲ. ನೀವು ಒತ್ತಿದ ಅಂಕಿಗಳಿಂದ ಯಾವ್ಯಾವ ಪಿನ್‌ಯಿನ್ ಸಾಧ್ಯ ಎಂಬುದು ಅಲ್ಲಿ ಬರುತ್ತದೆ. ಐಫೋನಿನಲ್ಲಿ ಇದಕ್ಕೆ ಪ್ರತ್ಯೇಕ ಗುಂಡಿಯೇ ಇದೆ.

9426 ಒತ್ತಿ ನೋಡಿ. ಎಕ್ಸ್-ಐ-ಎ-ಎನ್, ಎಕ್ಸ್-ಐ-ಎ-ಓ, ಜಡ್-ಎಚ್-ಎ-ಎನ್, ಜಡ್-ಎಚ್-ಎ-ಓ, ಈ ನಾಲ್ಕೂ ಆ ನಾಲ್ಕೇ ಗುಂಡಿಗಳು. ಚಿಕ್ಕದು, ಹುಡುಕು, ಮೊದಲು, ನಿಲ್ದಾಣ ಎಂಬ ಅರ್ಥದ ಅಕ್ಷರಗಳೆಲ್ಲ ಒಂದೇ ಪಟ್ಟಿಯಲ್ಲಿ ಕಲಸಿಕೊಂಡು ನಿಲ್ಲುತ್ತವೆ. ಮೇಲಿನ ಪಟ್ಟಿಯನ್ನು ಬಲಕ್ಕೆ ಎಳೆಯುತ್ತ ಹೋದರೆ ಕಣ್ಣು ಸೋಲುತ್ತದೆ. ಎಡಸಾಲಿನಲ್ಲಿ ನಿಮಗೆ ಬೇಕಾದ ಪಿನ್‌ಯಿನ್ ಮುಟ್ಟಿದರೆ ಮುಕ್ಕಾಲು ಕಸ ಒಮ್ಮೆಲೇ ಹೋಗುತ್ತದೆ.

ಅದೇ 9426ರಲ್ಲಿ ಐದನೆಯದೂ ಒಂದಿದೆ: ಷಿಯಾನ್ ಎಂದು ನಮ್ಮ ಪತ್ರಿಕೆಗಳು ಬರೆಯುವ, ಮಣ್ಣಿನ ಸೈನಿಕರ ಊರು. ಅದು ಎಕ್ಸ್-ಐ, ಎ-ಎನ್ ಎಂಬ ಎರಡು ಉಚ್ಚಾರಗಳು. ಫೋನು ಒಂದೇ ಉಚ್ಚಾರವೆಂದುಕೊಂಡು ಊರನ್ನು ಕೊಡದಿದ್ದರೆ, 94 ಒತ್ತಿ, ವಿಭಜನೆಯ ಗುಂಡಿ ಒತ್ತಿ, ಆಮೇಲೆ 26 ಒತ್ತಬೇಕು. ಹಲವು ಕೀಬೋರ್ಡುಗಳಲ್ಲಿ 1ನೇ ಗುಂಡಿಯೇ ವಿಭಜನೆಯದು.

ಮನುಷ್ಯರ ಹೆಸರಿನಲ್ಲಿ ಈ ಜಾಗ್ರತೆ ಇನ್ನೂ ಹೆಚ್ಚು ಬೇಕು. ವಾಂಗ್, ಯಾಂಗ್ ಎರಡೂ ಊರ ತುಂಬ ಇರುವ ಮನೆತನದ ಹೆಸರುಗಳು, ಎರಡಕ್ಕೂ ಅಂಕಿ 9264. ಹೆಸರನ್ನು ಊಹಿಸಿ ಬರೆಯಲೇಬೇಡಿ. ಅವರ ಕೈಲೇ ಒಂದು ಸಂದೇಶದಲ್ಲಿ ಬರೆಸಿಕೊಂಡು ಕಾಪಿ ಮಾಡಿಟ್ಟುಕೊಳ್ಳುವುದೇ ಮರ್ಯಾದೆ.

ಇನ್ನೊಂದು, ವ್ಯಾಪಾರಿಗಳಿಗೆ. ಆರು ಎಂಬ ಪದ ಎಲ್-ಐ-ಯು, ಒಂಬತ್ತು ಎಂಬ ಪದ ಜೆ-ಐ-ಯು. ಎರಡಕ್ಕೂ 548. ದರ, ಸಂಖ್ಯೆಗಳನ್ನು ಅಕ್ಷರದಲ್ಲಿ ಬರೆಯುವ ಶೋಕಿ ಬೇಡ, ಅಂಕಿಯಲ್ಲೇ ಹಾಕಿ.

ಹಂತ 6: ಬಿಡಿ ಅಕ್ಷರ ಬೇಡ, ಇಡೀ ಮಾತು ಒತ್ತಿ

ಒಂದು ಅಕ್ಷರ ಒತ್ತಿ, ಆರಿಸಿ, ಮುಂದಿನದು ಒತ್ತಿ, ಆರಿಸಿ ಎಂದು ಹೋಗುವುದು ನೋಡಲು ಸುರಕ್ಷಿತ ದಾರಿ. ನಿಜಕ್ಕೂ ಅದೇ ಹೆಚ್ಚು ತಪ್ಪು ಮಾಡಿಸುವ ದಾರಿ. ಒಂದೇ ಉಚ್ಚಾರಕ್ಕೆ ಹತ್ತಾರು ಅಕ್ಷರಗಳಿರುವ ಭಾಷೆ ಇದು. ಅಕ್ಕಪಕ್ಕದ ಪದ ಸಿಕ್ಕರೆ ಮಾತ್ರ ಫೋನಿಗೆ ಯಾವುದೆಂದು ಗೊತ್ತಾಗುವುದು.

ಎಷ್ಟು ದುಡ್ಡು ಎಂದು ಕೇಳುವ ಮಾತನ್ನೇ ನೋಡಿ. ಡಿ-ಯು-ಓ, ಎಸ್-ಎಚ್-ಎ-ಓ, ಕ್ಯೂ-ಐ-ಎ-ಎನ್. ಅಂಕಿಗಳಲ್ಲಿ 386, 7426, 7426. ಎರಡನೆಯ, ಮೂರನೆಯ ಉಚ್ಚಾರಗಳಿಗೆ ಒಂದೇ ಅಂಕಿ! 7426ನ್ನು ಒಂಟಿಯಾಗಿ ಒತ್ತಿದರೆ ಬೆಟ್ಟ, ಸೇತುವೆ, ಟಿಕೆಟ್, ಹಣ, ಕಡಿಮೆ ಎಲ್ಲ ಸಾಲುಗಟ್ಟುತ್ತವೆ, ಆರು ಬೇರೆಬೇರೆ ಪಿನ್‌ಯಿನ್ ಅದರಲ್ಲಿ ಅಡಗಿವೆ. ಆದರೆ 38674267426 ಎಂದು ಹನ್ನೊಂದೂ ಅಂಕಿಯನ್ನು ನಿಲ್ಲಿಸದೆ ಒತ್ತಿ. ಮೊದಲ ಆಯ್ಕೆಯಾಗಿ ಇಡೀ ಪ್ರಶ್ನೆ ಸರಿಯಾಗಿ ಬರುತ್ತದೆ. ನಡುವೆ ಪಟ್ಟಿಯಲ್ಲಿ ಏನೇನೋ ಕಂಡರೂ ಗಾಬರಿಯಾಗಿ ಅಳಿಸಬೇಡಿ, ಕೊನೆಯ ಅಂಕಿಯವರೆಗೆ ಕಾಯಿರಿ.

ಇಡೀ ವಾಕ್ಯ ಒತ್ತಲು ಹೋದರೆ ಬೇರೆ ಕಷ್ಟ: ನಡುವೆ ಒಂದು ಗುಂಡಿ ತಪ್ಪಿದರೂ ಹಿಂದಿನದೆಲ್ಲ ಮಗುಚುತ್ತದೆ. ಎರಡರಿಂದ ನಾಲ್ಕು ಅಕ್ಷರಗಳ ಒಂದೊಂದು ತುಂಡು ಹದವಾದ ಅಳತೆ.

ಪ್ರತಿ ಉಚ್ಚಾರದ ಮೊದಲ ಅಕ್ಷರ ಮಾತ್ರ ಒತ್ತುವ ಅಡ್ಡದಾರಿಯೂ ಇದೆ. ಮೇಲಿನ ಪ್ರಶ್ನೆಗೆ 377 ಸಾಕಾಗುತ್ತದೆ. ಬೆಂಗಳೂರು ಚೀನೀ ಭಾಷೆಯಲ್ಲಿ ನಾಲ್ಕು ಅಕ್ಷರಗಳ ‘ಬಾನ್-ಜಿಯಾ-ಲುವೊ-ಅರ್’, ಪೂರ್ತಿ ಒತ್ತಿದರೆ 22654258637, ಮೊದಲಕ್ಷರ ಮಾತ್ರವಾದರೆ 2553. ಫೋನಿಗೆ ಪರಿಚಯವಿರುವ ಮೂರು, ನಾಲ್ಕು ಅಕ್ಷರದ ಪದಗಳಿಗೆ ಮಾತ್ರ ಇದು ಚೆನ್ನ. ಎರಡಕ್ಷರದ ಪದಕ್ಕೆ ಪ್ರಯೋಜನವಿಲ್ಲ. ನಮಸ್ಕಾರದ ಮೊದಲಕ್ಷರಗಳೇ 6, 4, ಅದು ‘ನೀನು’ ಎಂಬ ಒಂಟಿ ಅಕ್ಷರದ ಪೂರ್ತಿ ಪಿನ್‌ಯಿನ್ ಕೂಡ ಆಗುತ್ತದೆ.

ಹಂತ 7: ಒಂದೇ ಉಚ್ಚಾರದ ಅಕ್ಷರಗಳಲ್ಲಿ ಮೋಸ ಹೋಗಬೇಡಿ

ಪಿನ್‌ಯಿನ್ ಸರಿಯಿದ್ದೂ ಅರ್ಥ ಉಲ್ಟಾ ಆಗುವುದು ಇಲ್ಲಿ. ಎಲ್ಲವನ್ನೂ ಹೇಳುತ್ತ ಕೂತರೆ ಮುಗಿಯುವುದಿಲ್ಲ, ಕೈಸುಡುವ ಕೆಲವನ್ನು ಹೇಳುತ್ತೇನೆ.

ಕೊಳ್ಳು, ಮಾರು. ಎರಡೂ ಎಂ-ಎ-ಐ, ಎರಡಕ್ಕೂ 624. ಬಾಯಲ್ಲಿ ಹೇಳುವಾಗ ಸ್ವರಭಾರ ಬೇರೆ, ಗುಂಡಿಗೆ ಅದು ತಿಳಿಯದು. ಅಕ್ಷರಗಳೂ ಅವಳಿಜವಳಿಯಂತೆ ಇವೆ. ಗುರುತು ಇಷ್ಟೇ: ಮಾರು ಎಂಬ ಅಕ್ಷರದ ತಲೆಯ ಮೇಲೆ ಕೂಡಿಸುವ ಚಿಹ್ನೆಯಂಥ ಒಂದು ಶಿಲುಬೆ ಇರುತ್ತದೆ, ಕೊಳ್ಳು ಎಂಬುದರ ತಲೆ ಬೋಳು. ಆರ್ಡರ್ ಕಳಿಸುವ ಮುಂಚೆ ಅಕ್ಷರವನ್ನು ದೊಡ್ಡದು ಮಾಡಿ ತಲೆ ನೋಡಿಕೊಳ್ಳಿ.

ಅವನು, ಅವಳು, ಅದು. ಮೂರೂ ಟಿ-ಎ, 82. ಫೋನು ಮೊದಲು ಕೊಡುವುದು ಬಹುತೇಕ ಅವನು. ಅವಳು ಎಂಬುದರ ಎಡಭಾಗದಲ್ಲಿ ಹೆಣ್ಣು ಎಂಬ ಅಕ್ಷರವೇ ಸಣ್ಣದಾಗಿ ಇರುತ್ತದೆ.

‘ಇಲ್ಲಿ ಇರುವುದು’ ಎಂಬರ್ಥದ್ದೂ ‘ಮತ್ತೆ’ ಎಂಬರ್ಥದ್ದೂ 924. ಪದಗಳನ್ನು ಜೋಡಿಸುವ ಮೂರು ಪುಟ್ಟ ಅಕ್ಷರಗಳು 33ರಲ್ಲಿವೆ. ಈ ಎರಡನ್ನು ಚೀನೀಯರೇ ತಪ್ಪು ಮಾಡುತ್ತಾರೆ, ನಿಮ್ಮನ್ನು ಯಾರೂ ಗಲ್ಲಿಗೇರಿಸುವುದಿಲ್ಲ.

ಬರೆದದ್ದನ್ನು ಕಾಪಿ ಮಾಡಿ ನಿಘಂಟಿನಲ್ಲಿ ತೆರೆದು ಅರ್ಥ ಓದುವುದು ನಿಜವಾದ ಪರೀಕ್ಷೆ. ಅನುವಾದದ ಆ್ಯಪಿಗೆ ಕೊಟ್ಟರೆ ಅದು ತಪ್ಪು ಅಕ್ಷರವನ್ನೂ ಸಂದರ್ಭ ನೋಡಿ ಸರಿಯೆಂದೇ ಓದಿಬಿಡುವುದುಂಟು.

ಒಮ್ಮೆ ತಪ್ಪು ಅಕ್ಷರ ಆರಿಸಿದರೆ ಕೀಬೋರ್ಡು ಅದನ್ನು ನೆನಪಿಟ್ಟುಕೊಂಡು ಮುಂದಿನ ಸಲ ಮುಂದಕ್ಕೆ ತಳ್ಳುತ್ತದೆ. ದಿನೇದಿನೇ ಆಯ್ಕೆಗಳು ವಿಚಿತ್ರವಾಗುತ್ತಿವೆ ಎನಿಸಿದರೆ ಕಾರಣ ಇದೇ. ಜಿಬೋರ್ಡ್‌ನಲ್ಲಿ ಆ ಪದವನ್ನು ಒತ್ತಿ ಹಿಡಿದು ತೆಗೆದುಹಾಕಬಹುದು. ಐಫೋನಿನಲ್ಲಿ ಕೀಬೋರ್ಡ್ ನಿಘಂಟನ್ನು ರೀಸೆಟ್ ಮಾಡಬೇಕು, ಒಳ್ಳೆಯ ನೆನಪುಗಳೂ ಅದರೊಂದಿಗೆ ಹೋಗುತ್ತವೆ.

ಹಂತ 8: ಉಚ್ಚಾರವೇ ಗೊತ್ತಿಲ್ಲದಿದ್ದರೆ ಗೀಟು

ಅಂಗಡಿಯ ಬೋರ್ಡಿನಲ್ಲೋ ಡಬ್ಬದ ಮೇಲೋ ಒಂದು ಅಕ್ಷರ ಕಂಡಿತು, ಓದಲು ಬರುವುದಿಲ್ಲ. ಪಿನ್‌ಯಿನ್ ಇಲ್ಲಿ ಕೆಲಸಕ್ಕೆ ಬಾರದು. ಗೀಟು ಕೀಬೋರ್ಡ್ ತೆರೆಯಿರಿ. ಎಷ್ಟೇ ಜಟಿಲ ಅಕ್ಷರವಾದರೂ ಐದೇ ಬಗೆಯ ಗೀಟುಗಳಿಂದ ಆಗಿರುತ್ತದೆ.

1: ಅಡ್ಡಗೀಟು. ಕೆಳಗಿನಿಂದ ಮೇಲಕ್ಕೆ ಓರೆಯಾಗಿ ಏರುವ ಗೀಟೂ ಇದರಲ್ಲೇ.
2: ನೆಟ್ಟಗೀಟು. ತುದಿಯಲ್ಲಿ ಎಡಕ್ಕೆ ಸಣ್ಣ ಕೊಕ್ಕೆ ಇದ್ದರೂ ಇದೇ.
3: ಮೇಲಿನಿಂದ ಎಡಕ್ಕೆ ಬೀಳುವ ಓರೆಗೀಟು.
4: ಚುಕ್ಕೆ, ಅಥವಾ ಬಲಕ್ಕೆ ಬೀಳುವ ಓರೆಗೀಟು.
5: ನಡುವೆ ಎಲ್ಲಾದರೂ ತಿರುಗುವ, ಮುರಿಯುವ ಎಲ್ಲ ಗೀಟುಗಳು.

ಗುಂಡಿಗಳ ಮೇಲೆ ಅಂಕಿಯ ಬದಲು ಗೀಟಿನ ಚಿತ್ರವೇ ಇದ್ದರೂ ಕ್ರಮ ಹೀಗೇ. ನೋಡಿದ ಗೀಟುಗಳನ್ನು ಬರೆಯುವ ಕ್ರಮದಲ್ಲೇ ಒತ್ತಬೇಕು, ಸೋಲುವುದು ಆ ಕ್ರಮದಲ್ಲಿ. ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ, ಅಡ್ಡ ಮೊದಲು ನೆಟ್ಟ ಆಮೇಲೆ, ಎಡ ಓರೆ ಮೊದಲು ಬಲ ಓರೆ ಆಮೇಲೆ, ಹೊರಗಿನ ಚೌಕಟ್ಟು ಮೊದಲು ಒಳಗಿನದು ಆಮೇಲೆ, ಚೌಕಟ್ಟಿನ ಬಾಗಿಲು ಮುಚ್ಚುವುದು ಕೊಟ್ಟಕೊನೆಗೆ.

ಅಭ್ಯಾಸವನ್ನು ಚೌಕದಿಂದಲೇ ಶುರುಮಾಡಿ. ಬಾಯಿ ಎಂಬರ್ಥದ ಅಕ್ಷರ ಒಂದು ಖಾಲಿ ಚೌಕ. ಹೊಸಬರು ಅದನ್ನು ನಾಲ್ಕು ಗೀಟು ಎಂದು ಎಣಿಸುತ್ತಾರೆ. ಅದು ಮೂರು. ಎಡದ ನೆಟ್ಟಗೀಟು 2. ಮೇಲಿನ ಅಡ್ಡ ಮತ್ತು ಬಲದ ನೆಟ್ಟ ಸೇರಿ, ಪೆನ್ನು ಎತ್ತದೆ ಒಂದೇ ತಿರುವು ಗೀಟು, 5. ತಳದ ಅಡ್ಡ 1. ಒಟ್ಟು 251. ಸೂರ್ಯ ಎಂಬ ಅಕ್ಷರ ಇದೇ ಚೌಕದೊಳಗೆ ಒಂದು ಅಡ್ಡ: 2511. ಗದ್ದೆ ಎಂಬುದಕ್ಕೆ ಚೌಕದೊಳಗೆ ಶಿಲುಬೆ: 25121. ನಡು ಎಂಬ ಅಕ್ಷರ, ಚೀನಾ ದೇಶದ ಹೆಸರಿನ ಮೊದಲನೆಯದು, ಚೌಕವನ್ನು ಸೀಳಿಕೊಂಡು ಇಳಿಯುವ ನೆಟ್ಟಗೀಟು: 2512. ದೇಶ ಎಂಬ ಎರಡನೆಯ ಅಕ್ಷರ 25112141. ಇದರಲ್ಲಿ ಮೊದಲ 25 ಹೊರಗಿನ ಗೋಡೆ, ಕೊನೆಯ 1 ಬಾಗಿಲು, ನಡುವಿನದೆಲ್ಲ ಒಳಗಿನ ಸಾಮಾನು. ಈ ಒಂದು ಚೌಕದ ಲೆಕ್ಕ ಕೈಗೆ ಹತ್ತಿದರೆ ಅರ್ಧ ಯುದ್ಧ ಗೆದ್ದಂತೆ, ಅಷ್ಟು ಅಕ್ಷರಗಳಲ್ಲಿ ಅದು ಬರುತ್ತದೆ.

ಮನುಷ್ಯ ಎಂಬ ಅಕ್ಷರ ಎರಡೇ ಗೀಟು, 34. ಆದರೆ ಒಳಹೋಗು ಎಂಬುದೂ 34, ಎಂಟು ಎಂಬುದೂ 34. ಎರಡು ಗೀಟು ಎಲ್ಲಿ ಕೂಡುತ್ತವೆ ಎಂಬುದಷ್ಟೇ ವ್ಯತ್ಯಾಸ, ಫೋನಿಗೆ ಅದು ಗೊತ್ತಾಗುವುದಿಲ್ಲ, ಪಟ್ಟಿಯಿಂದ ನೀವೇ ಆರಿಸಬೇಕು. ನೀರಿಗೆ ಸಂಬಂಧಪಟ್ಟ ಅಕ್ಷರಗಳ ಎಡದಲ್ಲಿ ಮೂರು ಹನಿಯಂಥ ಗುರುತಿರುತ್ತದಲ್ಲ, ಅದು 444 ಅಲ್ಲ, 441. ಮೂರನೆಯದು ಮೇಲಕ್ಕೆ ಚಿಮ್ಮುವ ಗೀಟು. ಹಾಗಾಗಿ ನದಿ ಎಂಬ ಒಂದು ಅಕ್ಷರ 441121.

ನಡುವೆ ಒಂದು ಗೀಟು ಯಾವುದೆಂದು ಅನುಮಾನ ಬಂದರೆ ನಕ್ಷತ್ರದ ಗುಂಡಿ ಒತ್ತಿ ಮುಂದೆ ಹೋಗಬಹುದು. ಕೆಲವು ಗುಂಡಿ ಫೋನುಗಳಲ್ಲಿ ಆ ಕೆಲಸಕ್ಕೆ 6. ಮೊದಲ ನಾಲ್ಕೈದು ಗೀಟು ಒತ್ತಿದಾಗಲೇ ಪಟ್ಟಿ ನೋಡಿ, ಕೊನೆವರೆಗೆ ಒತ್ತಬೇಕಾಗಿ ಬರುವುದು ಕಡಿಮೆ. ಪಟ್ಟಿ ಪೂರ್ತಿ ಖಾಲಿಯಾದರೆ ಅದೇ ಸೂಚನೆ, ಕ್ರಮ ಎಲ್ಲೋ ತಪ್ಪಿದೆ. ಅಲ್ಲಿಂದ ಮುಂದೆ ಒತ್ತಿ ಉಪಯೋಗವಿಲ್ಲ, ಒಂದೊಂದೇ ಅಳಿಸಿ ಪಟ್ಟಿ ಮರಳಿ ಬರುವ ಜಾಗ ಹುಡುಕಿ.

ಕೈಬರಹದ ಕೀಬೋರ್ಡಿನಲ್ಲಿ ಬೆರಳಿನಿಂದ ಬಿಡಿಸುವುದು ಇದಕ್ಕಿಂತ ಸಲೀಸು, ಕ್ರಮ ಸ್ವಲ್ಪ ತಪ್ಪಿದರೂ ಅದು ಸಹಿಸಿಕೊಳ್ಳುತ್ತದೆ. ಗುಂಡಿ ಫೋನಿನವರಿಗೆ ಆ ಭಾಗ್ಯವಿಲ್ಲ.

ಹಂತ 9: ಚಿಹ್ನೆ, ಅಂಕಿ, ಎಸ್ಸೆಮ್ಮೆಸ್ ಲೆಕ್ಕ

ಚೀನೀ ಕೀಬೋರ್ಡಿನಲ್ಲಿ ಬರುವ ಪೂರ್ಣವಿರಾಮ ಸಣ್ಣ ಸೊನ್ನೆಯಂತಿರುತ್ತದೆ, ಅಲ್ಪವಿರಾಮ ಒಂದಿಡೀ ಅಕ್ಷರದ ಅಗಲ ಹಿಡಿಯುತ್ತದೆ. ಮಾತಿನ ನಡುವೆ ಇದು ಸರಿ. ಇಮೇಲ್ ವಿಳಾಸ, ಜಾಲತಾಣದ ವಿಳಾಸ, ಪಾಸ್‌ವರ್ಡ್ ಹಾಕುವಾಗ ಮಾತ್ರ ಇಂಗ್ಲಿಷ್ ಕೀಬೋರ್ಡಿಗೆ ಬದಲಾಯಿಸಿಕೊಳ್ಳಿ. ‘ವಿಳಾಸ ತಪ್ಪು’ ಎಂದು ಪದೇಪದೇ ಬಂದು, ಅಕ್ಷರಗಳೆಲ್ಲ ಸರಿಯಾಗಿಯೇ ಕಂಡರೆ ಚುಕ್ಕೆಯನ್ನು ಅನುಮಾನಿಸಿ. ಗುಂಡಿ ಫೋನುಗಳಲ್ಲಿ ಪಿನ್‌ಯಿನ್, ಗೀಟು, ಇಂಗ್ಲಿಷ್, ಅಂಕಿ ಇವುಗಳ ನಡುವೆ ಓಡಾಡಲು ಸಾಮಾನ್ಯವಾಗಿ ಹ್ಯಾಷ್ ಗುಂಡಿ.

ಸಾದಾ ಇಂಗ್ಲಿಷ್ ಎಸ್ಸೆಮ್ಮೆಸ್ 160 ಅಕ್ಷರ ಹಿಡಿದರೆ ಚೀನೀ ಎಸ್ಸೆಮ್ಮೆಸ್ 70 ಮಾತ್ರ ಹಿಡಿಯುತ್ತದೆ. ಮೀರಿದರೆ ತುಂಡಾಗುತ್ತದೆ, ಆಗ ತುಂಡಿಗೆ 67. ಇಂಗ್ಲಿಷ್ ಸಂದೇಶದೊಳಗೆ ಒಂದೇ ಒಂದು ಚೀನೀ ಅಕ್ಷರ ಸೇರಿಸಿದರೂ ಇಡೀ ಸಂದೇಶಕ್ಕೆ 70ರ ಲೆಕ್ಕವೇ. ಕನ್ನಡಕ್ಕೂ ಇದೇ ಮಿತಿ. ಆದರೆ ನಮ್ಮ ‘ಕ್ಷ’ ಒಂದಕ್ಕೇ ಮೂರು ಎಣಿಕೆ ಹೋಗುತ್ತದೆ, ಅವರಿಗೆ ಅಷ್ಟರಲ್ಲಿ ಮೂರು ಅಕ್ಷರ, ಕೆಲವೊಮ್ಮೆ ಒಂದು ಪೂರ್ತಿ ಮಾತೇ ಆಗಿಹೋಗುತ್ತದೆ.

ಹಂತ 10: ಕೀಬೋರ್ಡ್ ಯಾರದ್ದೆಂದು ನೋಡಿ

ಫೋನಿನ ಜೊತೆ ಬಂದ ಕೀಬೋರ್ಡ್ ಬಿಟ್ಟು ಬೇರೆ ಕಂಪನಿಯದ್ದು ಹಾಕಿಕೊಳ್ಳುವವರು ಇದನ್ನು ಓದಲೇಬೇಕು. ಹಲವು ಪಿನ್‌ಯಿನ್ ಕೀಬೋರ್ಡುಗಳು ಆಯ್ಕೆಗಳನ್ನು ಚುರುಕಾಗಿ ಕೊಡಲು ನೀವು ಒತ್ತಿದ್ದನ್ನು ತಮ್ಮ ಸರ್ವರಿಗೆ ಕಳಿಸುತ್ತವೆ. 2024ರ ಏಪ್ರಿಲ್‌ನಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಒಂಬತ್ತು ಕಂಪನಿಗಳ ಇಂಥ ಕೀಬೋರ್ಡುಗಳನ್ನು ಪರೀಕ್ಷಿಸಿ, ಎಂಟರಲ್ಲಿ ದೋಷವಿದೆ, ಬಳಕೆದಾರರು ಒತ್ತಿದ ಅಕ್ಷರಗಳನ್ನು ದಾರಿಯಲ್ಲೇ ಕದ್ದು ಓದಬಹುದಿತ್ತು ಎಂದು ವರದಿ ಮಾಡಿತು. ಬಹುಪಾಲು ಕಂಪನಿಗಳು ಆಮೇಲೆ ಸರಿಪಡಿಸಿದವು. ಆದರೆ ಸರಿಪಡಿಸಿದ ಆವೃತ್ತಿ ನಿಮ್ಮ ಫೋನಿಗೆ ಬರುವುದು ನೀವು ಅಪ್‌ಡೇಟ್ ಮಾಡಿದರೆ ಮಾತ್ರ.

ಸೆಟ್ಟಿಂಗ್ಸ್‌ನಲ್ಲಿ ಕ್ಲೌಡ್ ಊಹೆಯ ಆಯ್ಕೆ ಇದ್ದರೆ ಅದನ್ನು ಆಫ್ ಮಾಡಿಬಿಡಿ. ಐಫೋನಿನಲ್ಲಿ ಹೊರಗಿನ ಕೀಬೋರ್ಡು ಪೂರ್ಣ ಪ್ರವೇಶ ಕೇಳಿದರೆ ಕೊಡಬೇಡಿ. ಬ್ಯಾಂಕಿನ ಪಿನ್, ಒಟಿಪಿ, ಪಾಸ್‌ಪೋರ್ಟ್ ಸಂಖ್ಯೆ ಹಾಕುವಾಗ ಫೋನಿನ ಸ್ವಂತ ಇಂಗ್ಲಿಷ್ ಕೀಬೋರ್ಡಿಗೆ ಹಿಂತಿರುಗಿ, ಅದು ಮುಗಿದ ಮೇಲೆ ಮತ್ತೆ ಚೈನೀಸ್ ಹಾಕಿಕೊಳ್ಳಿ.